ನಾಯಿಗೆ ಹೆದರುವ ಮಗುವಿಗೆ ಯಾವ ದಾರಿ ಒಳ್ಳೆಯದು?

ನಮ್ಮ ಮನೆಯಿಂದ ಹಾಲಿನ ಬೂತಿಗೆ ಒಂಬತ್ತು ಕರೆಂಟ್ ಕಂಬಗಳ ದೂರ. ಈ ಲೆಕ್ಕ ನನಗೆ ಗೊತ್ತಾದದ್ದು ಮಗಳಿಂದ. ಆಗ ಅವಳಿಗೆ ನಾಲ್ಕೂವರೆ ವರ್ಷ. ಐದನೆಯ ಕಂಬದವರೆಗೆ ನನ್ನ ಕೈ ಹಿಡಿದು ಕುಣಿಯುತ್ತಾ ಬರುತ್ತಿದ್ದಳು. ಅದನ್ನು ದಾಟಿದರೆ ಬೂತಿನ ಕಟ್ಟೆಯ ಮೇಲೆ ಮಲಗಿರುವ ಕಂದು ನಾಯಿ ಕಾಣುತ್ತದೆ. ಅಲ್ಲಿಗೆ ಬಂದೊಡನೆ ಅವಳ ಬೆರಳುಗಳು ನನ್ನ ಅಂಗೈಯೊಳಗೆ ತಣ್ಣಗಾಗುತ್ತಿದ್ದವು. ಆಮೇಲೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ "ಅಮ್ಮ, ಎತ್ತಿಕೊ." ಎತ್ತಿಕೊಂಡರೂ ಸಾಲದು, ಮುಖವನ್ನು ನನ್ನ ಕುತ್ತಿಗೆಗೆ ಒತ್ತಿ ಬೂತು ದಾಟುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದಳು. ಆ ನಾಯಿ ಕಣ್ಣು ಕೂಡ ತೆರೆಯುತ್ತಿರಲಿಲ್ಲ.

ಸಲಹೆಗಳಿಗೇನೂ ಬರವಿರಲಿಲ್ಲ. "ದೊಡ್ಡವಳಾದರೆ ತಾನೇ ಸರಿಹೋಗುತ್ತದೆ" ಎಂದರು ಅತ್ತೆ. "ಒಂದು ಸಲ ಹಿಡಿದು ಮುಟ್ಟಿಸಿಬಿಡಿ, ಭಯ ಬಿಟ್ಟುಹೋಗುತ್ತದೆ" ಎಂದರು ಭಾವ. ಪಕ್ಕದ ಮನೆಯವರು ಮರಿ ತಂದು ಸಾಕಲು ಹೇಳಿದರು. ಗೆಳತಿಯೊಬ್ಬಳು ಮನೋವೈದ್ಯರ ಹೆಸರು ಕೊಟ್ಟಳು. ಎಲ್ಲರೂ ಪ್ರೀತಿಯಿಂದಲೇ ಹೇಳಿದರು, ಆದರೆ ನಾಲ್ಕೂ ಬೇರೆಬೇರೆ ದಾರಿಗಳು. ಇದೇ ಗೊಂದಲದಲ್ಲಿರುವ ತಂದೆತಾಯಂದಿರಿಗಾಗಿ ಅವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮೂರರಿಂದ ಏಳು ವರ್ಷದ ಬಹುಪಾಲು ಮಕ್ಕಳಿಗೆ ಒಗ್ಗುವುದು ದೂರದಿಂದ ಸ್ವಲ್ಪಸ್ವಲ್ಪವೇ ಹತ್ತಿರವಾಗುವ ದಾರಿ. ಎಷ್ಟು ಹತ್ತಿರ ಹೋಗಬೇಕು ಎಂಬುದನ್ನು ಮಾತ್ರ ಮಗುವೇ ಹೇಳಬೇಕು. ಉಳಿದ ದಾರಿಗಳನ್ನೂ ನಾನು ಇದೇ ಮಾನದಂಡದಿಂದ ಅಳೆದಿದ್ದೇನೆ.

ಭಯ ಎಲ್ಲಿಂದ ಬಂತು?

ದಾರಿ ಆರಿಸುವ ಮೊದಲು ಇದನ್ನು ಗಮನಿಸಬೇಕು. ಕೆಲವು ಮಕ್ಕಳಿಗೆ ನಾಯಿಯ ಪರಿಚಯವೇ ಇರುವುದಿಲ್ಲ. ಮಗುವಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಒಮ್ಮೆ ಬೀದಿಯನ್ನು ನೋಡಿ. ನಮ್ಮ ಮೊಣಕಾಲಿನ ಹತ್ತಿರ ಇರುವ ನಾಯಿಯ ಮೂತಿ ಮಗುವಿನ ಮುಖಕ್ಕೆ ನೇರವಾಗಿರುತ್ತದೆ. ಹಲ್ಲು, ನಾಲಿಗೆ, ಬೊಗಳುವ ಸದ್ದು ಎಲ್ಲವೂ ಕಿವಿಯ ಪಕ್ಕದಲ್ಲೇ. ಹೆದರದಿದ್ದರೆ ಆಶ್ಚರ್ಯ.

ಇನ್ನು ಕೆಲವು ಮಕ್ಕಳನ್ನು ನಾಯಿ ಕಚ್ಚಿರುತ್ತದೆ, ಬೆನ್ನಟ್ಟಿರುತ್ತದೆ, ಇಲ್ಲವೇ ಆಟಕ್ಕೆಂದು ಮೈಮೇಲೆ ಹಾರಿ ಬೀಳಿಸಿರುತ್ತದೆ. ಇವರ ಭಯಕ್ಕೆ ನೆನಪಿನ ಬೇರಿದೆ, ಆದ್ದರಿಂದ ಇವರಿಗೆ ಹೆಚ್ಚು ಸಮಯ ಬೇಕು.

ಮೂರನೆಯದು ನಾವೇ ಕೈಯಾರೆ ಕೊಟ್ಟ ಭಯ. "ಊಟ ಮಾಡದಿದ್ದರೆ ನಾಯಿಗೆ ಕೊಟ್ಟುಬಿಡುತ್ತೇನೆ", "ಹೊರಗೆ ಹೋದರೆ ನಾಯಿ ಹಿಡಿದುಕೊಳ್ಳುತ್ತದೆ" ಎಂಬ ಬೆದರಿಕೆ ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ? ಇದರ ಜೊತೆಗೆ "ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಎಂಬ ಹಳೆಯ ಮಾತು ಇನ್ನೂ ಬದುಕಿದೆ. ಆ ಹಳೆಯ ಲಸಿಕೆ ನಿಂತು ಎರಡು ದಶಕಗಳಾದವು. ಈಗ ನಾಲ್ಕೈದು ಭೇಟಿಗಳಲ್ಲಿ ಲಸಿಕೆ ಮುಗಿಯುತ್ತದೆ, ಅದನ್ನೂ ಹೊಟ್ಟೆಗೆ ಚುಚ್ಚುವುದಿಲ್ಲ. ಈ ಬಗೆಯ ಭಯವಿದ್ದರೆ ಮಗುವಿನ ಜೊತೆ ಬೇರೇನು ಮಾಡುವ ಮೊದಲು ಮನೆಯವರು ಈ ಮಾತುಗಳನ್ನು ನಿಲ್ಲಿಸಬೇಕು. ಅದಕ್ಕೆ ದುಡ್ಡೂ ಬೇಡ, ತರಬೇತಿಯೂ ಬೇಡ. ನಮ್ಮ ಮನೆಯಲ್ಲಿ ನಾಯಿ ಕಂಡೊಡನೆ ಬೆಚ್ಚಿ ಮಗಳ ತೋಳನ್ನು ಎಳೆಯುತ್ತಿದ್ದವಳು ನಾನೇ. ಅದು ಗೊತ್ತಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಸುಮ್ಮನೆ ಕಾಯುವುದು

ಅತ್ತೆಯವರ ಮಾತಿನಲ್ಲಿ ಹುರುಳಿದೆ. ಕತ್ತಲೆ, ಗುಡುಗು, ಪ್ರಾಣಿ ಇವುಗಳ ಭಯ ಈ ವಯಸ್ಸಿನಲ್ಲಿ ಸಹಜ, ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಮಗು ನಾಯಿಯನ್ನು ಕಂಡು ನಿಮ್ಮ ಹಿಂದೆ ಸರಿದು, ಅದು ಹೋದ ಮೇಲೆ ಮತ್ತೆ ಆಟಕ್ಕೆ ಇಳಿಯುತ್ತದೆ ಎಂದಾದರೆ ಕಾಯುವುದರಿಂದ ನಷ್ಟವಿಲ್ಲ.

ಆದರೆ ಕಾಯುವುದಕ್ಕೂ ತಪ್ಪಿಸಿಕೊಂಡು ತಿರುಗುವುದಕ್ಕೂ ವ್ಯತ್ಯಾಸವಿದೆ. ನಾಯಿ ಇರುವ ರಸ್ತೆ ಬೇಡವೆಂದು ಸುತ್ತು ಹಾಕುವುದು, ನಾಯಿ ಇರುವ ನೆಂಟರ ಮನೆ ಬಿಡುವುದು, ಕೊನೆಗೆ ಉದ್ಯಾನವನ್ನೇ ಬಿಡುವುದು. ಹೀಗೆ ತಪ್ಪಿಸಿಕೊಂಡಾಗಲೆಲ್ಲ ಮಗುವಿಗೆ ಆ ಕ್ಷಣ ಹಾಯೆನಿಸುತ್ತದೆ, "ಓಡಿಹೋದದ್ದರಿಂದಲೇ ಉಳಿದೆ" ಎಂಬ ನಂಬಿಕೆ ಇನ್ನೊಂದು ಗೇಣು ಬೆಳೆಯುತ್ತದೆ. ದಿನದ ದಾರಿಯೇ ಬದಲಾಗತೊಡಗಿದರೆ ಕಾಯುವ ಕಾಲ ಮುಗಿಯಿತೆಂದೇ ತಿಳಿಯಿರಿ. ನಾನು ಹಾಲಿಗೆ ಎರಡು ಬೀದಿ ಆಚೆಯ ಅಂಗಡಿಗೆ ಹೋಗಲು ಶುರುಮಾಡಿದ ದಿನವೇ ಎಚ್ಚೆತ್ತುಕೊಳ್ಳಬೇಕಾಗಿತ್ತು.

ಹಿಡಿದು ಮುಟ್ಟಿಸುವುದು

ಇದು ಬೇಡವೇ ಬೇಡ. ಮುಟ್ಟಿಸಿದ ಮೇಲೆ ಮಗು ಸುಮ್ಮನಾಗುವುದುಂಟು, ಅದನ್ನು ನೋಡಿ ದೊಡ್ಡವರು ಗೆದ್ದೆವೆಂದುಕೊಳ್ಳುತ್ತಾರೆ. ಆ ಮೌನ ಧೈರ್ಯದ್ದೋ ಸೋತು ಕೈಬಿಟ್ಟದ್ದರದೋ ಮಗುವಿಗೆ ಮಾತ್ರ ಗೊತ್ತು. ನಾಯಿಯ ಕಡೆಯಿಂದಲೂ ಯೋಚಿಸಬೇಕು. ಮುಖದ ಮುಂದೆ ಮಗುವೊಂದು ಕಿರುಚುತ್ತಾ ಒದ್ದಾಡಿದರೆ ಸಾಧು ನಾಯಿಯೂ ಗಾಬರಿಯಾಗುತ್ತದೆ. ನಾವು ಅಪಘಾತಕ್ಕೆ ನಾವೇ ಅಣಿ ಮಾಡಿಕೊಟ್ಟಂತೆ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ: ಇಷ್ಟು ದಿನ ಮಗು ನಾಯಿಯನ್ನು ಕಂಡರೆ ಓಡಿ ಬಂದು ತಬ್ಬಿಕೊಳ್ಳುತ್ತಿದ್ದದ್ದು ನಿಮ್ಮನ್ನು. ಇನ್ನು ಮುಂದೆ ಆ ತೋಳನ್ನೂ ಅದು ನಂಬುವುದಿಲ್ಲ.

ದೂರದಿಂದ ಹತ್ತಿರಕ್ಕೆ

ಈ ದಾರಿಗೆ ನೂರು ವರ್ಷಗಳ ಇತಿಹಾಸವಿದೆ. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಇನ್ನೂ ಮೂರು ವರ್ಷ ತುಂಬದ ಅವನಿಗೆ ಮೊಲವೆಂದರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ಅವನ ನೆಮ್ಮದಿ ಕೆಡದಷ್ಟು ಮಾತ್ರ ಹತ್ತಿರಕ್ಕೆ ತರುತ್ತಾ ಹೋದರು. ಕೊನೆಗೆ ಅವನು ಮೊಲವನ್ನು ಮುದ್ದಿಸಿದ. ಇಂದಿಗೂ ಚಿಕಿತ್ಸಕರು ಮಾಡುವುದರ ತಿರುಳು ಇದೇ.

ನಾವು ಮಾಡಿದ್ದು ಹೀಗೆ. ಮೊದಲ ವಾರ ಐದನೆಯ ಕಂಬದ ಬಳಿಯೇ ನಿಂತೆವು. ಅಲ್ಲಿಂದ ನಾಯಿಯನ್ನು ನೋಡಿ ಒಂದು ಹೊಸ ವಿಷಯ ಕಂಡುಹಿಡಿಯುವುದಷ್ಟೇ ಆಟ. ಬಾಲದ ತುದಿ ಬಿಳಿ ಎಂದಳು. ಮರುದಿನ, ಒಂದು ಕಿವಿ ಮಡಚಿದೆ ಎಂದಳು. ಅದರ ಮರುದಿನ ಹೊಟ್ಟೆ ಮೇಲೆ ಕೆಳಗೆ ಆಗುತ್ತಿದೆ ಎಂದಾಗ ಅದು ಉಸಿರಾಟವೆಂದು ಹೇಳಿದೆ. "ನನ್ನ ಹಾಗೆಯೇ?" ಎಂದು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಅಲ್ಲಿಯವರೆಗೆ ಆ ನಾಯಿ ಅವಳಿಗೆ ಒಂದು ಬಾಯಿ ಮಾತ್ರವಾಗಿತ್ತು, ಅಂದು ಅದಕ್ಕೆ ಹೊಟ್ಟೆಯೂ ಬಂತು.

ನಮ್ಮ ನಿಯಮ ಒಂದೇ. "ಮುಂದೆ" ಎನ್ನುವುದೂ "ಸಾಕು" ಎನ್ನುವುದೂ ಅವಳ ಹಕ್ಕು. "ಸಾಕು" ಎಂದರೆ "ಇನ್ನೊಂದು ಹೆಜ್ಜೆ ಇಡು ಚಿನ್ನ" ಎನ್ನದೆ ಅಲ್ಲಿಯೇ ನಿಲ್ಲುವುದು. ನಿಂತು, ಅವಳ ಉಸಿರು ಹದಕ್ಕೆ ಬರುವವರೆಗೆ ಕಾದು, ಆಮೇಲೆ ನಡೆದುಕೊಂಡೇ ಹಿಂದಿರುಗುವುದು. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ಭಯ ಏರಿದ ಕ್ಷಣದಲ್ಲೇ ಎತ್ತಿಕೊಂಡು ಓಡಿದರೆ ಅಂದಿನ ಪಾಠವೇ ತಿರುಗಿಬೀಳುತ್ತದೆ. ಕೆಲವೊಮ್ಮೆ ಹಿಂದಕ್ಕೆ ನಾಲ್ಕು ಹೆಜ್ಜೆ ಸರಿದು, ನೆಮ್ಮದಿ ಎನಿಸುವ ಜಾಗದಲ್ಲಿ ನಿಂತು ಮುಗಿಸಬೇಕಾಗುತ್ತದೆ. ಹತ್ತು ನಿಮಿಷ ಸಾಕು, ಆದರೆ ವಾರದಲ್ಲಿ ನಾಲ್ಕೈದು ದಿನ ನಡೆಯಬೇಕು. ತಿಂಗಳಿಗೊಮ್ಮೆ ಮಾಡಿದರೆ ಪ್ರತಿ ಸಲವೂ ಮೊದಲ ಕಂಬದಿಂದಲೇ ಆರಂಭ.

ಮುಟ್ಟುವ ಅಭ್ಯಾಸಕ್ಕೆ ಮಾತ್ರ ಬೀದಿ ನಾಯಿಯನ್ನು ಆರಿಸಬೇಡಿ. 2023ರ ಗಣತಿಯಂತೆ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲೇ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಇವು ನಮ್ಮ ಮಕ್ಕಳ ದಾರಿಯಲ್ಲಿ ಇದ್ದೇ ಇರುತ್ತವೆ, ಆದ್ದರಿಂದ ದೂರದಿಂದ ನೋಡಿ ನೆಮ್ಮದಿಯಾಗಿ ದಾಟಿಹೋಗಲು ಕಲಿತರೆ ಸಾಕು. ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿದ್ದರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ, ಆ ಹೊತ್ತಿಗೆ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ. ಅದು ಒಳ್ಳೆಯ ಗುರುತು, ಮುಟ್ಟಲು ಪರವಾನಗಿಯಲ್ಲ.

ಮುಟ್ಟುವ ಹಂತ ಬಂದಾಗ ಪರಿಚಿತರ ಮನೆಯ, ಲಸಿಕೆ ಹಾಕಿಸಿದ, ವಯಸ್ಸಾದ, ಮಕ್ಕಳನ್ನು ಕಂಡು ರೂಢಿಯಿರುವ ನಾಯಿಯೇ ಬೇಕು. ತುಂಟ ಮರಿಗಿಂತ ಗೋಡೆಗೊರಗಿ ತೂಕಡಿಸುವ ಹತ್ತು ವರ್ಷದ ನಾಯಿ ಎಷ್ಟೋ ಮೇಲು. ಅದರ ಹಗ್ಗ ಯಜಮಾನರ ಕೈಯಲ್ಲಿರಬೇಕು, ತಲೆ ಆಚೆ ಕಡೆಗಿರಬೇಕು. ಮಗು ಮೊದಲು ಬೆನ್ನನ್ನು ಮುಟ್ಟಲಿ, ತಲೆಯ ಮೇಲೆ ಕೈ ಇಡುವುದು ಬೇಡ. ನಾಯಿ ಮೈ ಬಿಗಿದರೆ, ಮುಖ ತಿರುಗಿಸಿದರೆ, ಪದೇ ಪದೇ ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ, ಅದೂ "ಸಾಕು" ಎನ್ನುತ್ತಿದೆ. ಮಗುವಿಗೆ ಕೊಟ್ಟ ಹಕ್ಕು ನಾಯಿಗೂ ಇರಲಿ.

ಈ ದಾರಿಯ ಕಷ್ಟವೆಂದರೆ ಹಿನ್ನಡೆ. ನಾಲ್ಕನೆಯ ವಾರ ಏಳನೆಯ ಕಂಬ ತಲುಪಿದ್ದೆವು. ಒಂದು ಸಂಜೆ ಬೈಕೊಂದನ್ನು ಅಟ್ಟಿಕೊಂಡು ಎರಡು ನಾಯಿಗಳು ಬೊಗಳುತ್ತಾ ನಮ್ಮ ಪಕ್ಕದಲ್ಲೇ ಓಡಿಹೋದವು. ಮರುದಿನ ಅವಳು ಗೇಟಿನಿಂದಾಚೆಗೆ ಕಾಲಿಡಲಿಲ್ಲ. ನನಗೆ ಅಳು ಬಂತು. ಪೀಟರನಿಗೂ ಹೀಗೆಯೇ ಆಗಿತ್ತು. ಜ್ವರ ಬಂದು ಆಸ್ಪತ್ರೆ ಸೇರಿದ್ದ ಅವನು ಮನೆಗೆ ಹೊರಟು ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು. ಜೊತೆಗಿದ್ದ ದಾದಿಯೂ ಹೆದರಿದಳು. ಅದುವರೆಗೆ ಗಳಿಸಿದ್ದೆಲ್ಲ ಕರಗಿ, ಜೋನ್ಸ್ ಮತ್ತೆ ಮೊದಲಿಂದ ಶುರುಮಾಡಬೇಕಾಯಿತು, ಆಮೇಲೆ ಅವನು ಗೆದ್ದ. ನಾವೂ ಮೂರನೆಯ ಕಂಬಕ್ಕೆ ಹಿಂದಿರುಗಿದೆವು. ಎರಡನೆಯ ಸಲ ಏಳನ್ನು ತಲುಪಲು ಹತ್ತು ದಿನ ಸಾಕಾಯಿತು.

ಇನ್ನೊಂದು ಮಗುವನ್ನು ನೋಡಿ ಕಲಿಯುವುದು

ಇದನ್ನು ಮೇಲಿನ ದಾರಿಯ ಜೋಡಿ ಎನ್ನಬಹುದು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಜೊತೆಗಾರರು 1967ರಲ್ಲಿ ನಾಯಿಗೆ ಹೆದರುತ್ತಿದ್ದ ಮೂರರಿಂದ ಐದು ವರ್ಷದ 48 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಕೆಲವರು ತಮ್ಮದೇ ವಯಸ್ಸಿನ ಮಗುವೊಂದು ನಾಯಿಯ ಜೊತೆ ಹಂತಹಂತವಾಗಿ ಸಲಿಗೆಯಿಂದ ಆಡುವುದನ್ನು ನೋಡಿದರು. ಕೆಲವರು ತಿಂಡಿ, ಬಲೂನುಗಳ ಸಂಭ್ರಮದ ನಡುವೆ ಬರೀ ನಾಯಿಯನ್ನು ನೋಡಿದರು. ಇನ್ನು ಕೆಲವರಿಗೆ ಸಂಭ್ರಮ ಮಾತ್ರ, ನಾಯಿಯಿಲ್ಲ. ಭಯ ಎದ್ದು ಕಾಣುವಂತೆ ಇಳಿದದ್ದು ಇನ್ನೊಂದು ಮಗುವನ್ನು ನೋಡಿದವರಲ್ಲಿ, ತಿಂಗಳಾದ ಮೇಲೂ ಆ ಧೈರ್ಯ ಉಳಿದಿತ್ತು. ಮರುವರ್ಷ ಚಲನಚಿತ್ರ ತೋರಿಸಿ ನೋಡಿದಾಗ, ಒಂದೇ ಮಗು ಒಂದೇ ನಾಯಿಯ ಚಿತ್ರಕ್ಕಿಂತ ಹಲವು ಮಕ್ಕಳು ಹಲವು ನಾಯಿಗಳೊಡನೆ ಆಡುವ ಚಿತ್ರ ಹೆಚ್ಚು ಫಲ ಕೊಟ್ಟಿತು.

ನಾವು ಎಷ್ಟೇ ಧೈರ್ಯ ತೋರಿಸಿದರೂ "ಅಮ್ಮ ದೊಡ್ಡವಳು, ಅವಳಿಗೇನು" ಎಂದು ಮಗು ಒಳಗೇ ಲೆಕ್ಕ ಹಾಕುತ್ತದೆ. ಅಕ್ಕನ ಐದು ವರ್ಷದ ಮಗ ನಾಯಿಗೆ ಬಿಸ್ಕತ್ತು ಎಸೆದು "ಕೂತ್ಕೋ" ಎಂದಾಗ ಅದು ಕುಳಿತರೆ, ಆ ಲೆಕ್ಕಕ್ಕೆ ಉತ್ತರ ಸಿಕ್ಕಂತೆ. ಒಂದು ಎಚ್ಚರಿಕೆ: ಆ ಮಗು ಅತಿ ಸಾಹಸಿಯಾಗಿರಬಾರದು. ಬಾಲ ಎಳೆಯುವ ಮಗುವನ್ನು ನೋಡಿ ಕಲಿಯುವುದು ಏನೂ ಇಲ್ಲ. ಸ್ವಲ್ಪ ಅಳುಕುತ್ತಲೇ ಮುಂದೆ ಹೋಗುವ ಮಗು ಸಿಕ್ಕರೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಅಂಥ ಮಗುವೂ ನಾಯಿಯೂ ಹತ್ತಿರದಲ್ಲಿಲ್ಲದವರು ಮೊಬೈಲಿನಲ್ಲಿ ಬೇರೆಬೇರೆ ಮಕ್ಕಳು ಬೇರೆಬೇರೆ ನಾಯಿಗಳೊಡನೆ ಇರುವ ಚಿತ್ರಿಕೆಗಳನ್ನು ಮೊದಲೇ ತಾವು ನೋಡಿ ಆರಿಸಿ ತೋರಿಸಬಹುದು.

ಕತೆ, ಚಿತ್ರ, ಬೊಂಬೆ

ಇವಿಷ್ಟರಿಂದಲೇ ಭಯ ಹೋಗುವುದಿಲ್ಲ, ಆದರೆ ಬಾಗಿಲು ತೆರೆಯುತ್ತವೆ. ನಾಯಿಯ ಹೆಸರೆತ್ತಿದರೂ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಮೊದಲ ಮೆಟ್ಟಿಲು ಇಲ್ಲಿಯೇ. ಅಜ್ಜಿಯ ದೇವರಮನೆಯ ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿರುತ್ತವೆ, ಅವುಗಳಿಗೆ ಒಂದೊಂದು ಹೆಸರಿಡಿ ಎಂದರೆ ಮಕ್ಕಳು ಸಂತೋಷದಿಂದ ಇಡುತ್ತಾರೆ. ನಾನು ಹೇಳಿದ ಕತೆ ಆತಕೂರಿನದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ವೀರಗಲ್ಲಿನಲ್ಲಿ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿದ ಚಿತ್ರವಿದೆ. ಗಂಗರ ಅರಸ ಬೂತುಗನಿಂದ ಮಣಲೇರ ಎಂಬ ವೀರ ಕೇಳಿ ಪಡೆದ ನಾಯಿ ಅದು. ಹಂದಿಯೂ ನಾಯಿಯೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿನ ಭಾಗವನ್ನು ಮೆದುವಾಗಿ ದಾಟಿಸಿ, ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟರು ಎಂದಾಗ ಮಗಳು ಕೇಳಿದ್ದು: "ಬೂತಿನ ನಾಯಿಯ ಹೆಸರೇನು?" ಅದಕ್ಕೆ ಹೆಸರಿರಲಿಲ್ಲ. ಅಂದಿನಿಂದ ಅದು ಕಾಳಿ.

"ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆಯನ್ನು ಮಾತ್ರ ಮಗುವಿಗೆ ಧೈರ್ಯವೆಂದು ಹೇಳಬೇಡಿ. ಅದು ಮನುಷ್ಯರ ಬಗ್ಗೆ ಹುಟ್ಟಿದ ಮಾತು. ಬೊಗಳುವ ನಾಯಿ ಕಚ್ಚಬಲ್ಲದು.

ಮನೆಗೆ ಮರಿ ತರುವುದು

ಭಯಕ್ಕೆ ಮದ್ದೆಂದು ಮರಿ ತರಬೇಡಿ. ನೋಡಲು ಮುದ್ದಾದರೂ ಅದರ ಹಾಲುಹಲ್ಲು ಸೂಜಿಯಂತಿರುತ್ತದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಓಡುವ ಮಗುವಿನ ಹಿಂದೆ ಓಡುತ್ತದೆ. ಹೆದರುವ ಮಗುವಿಗೆ "ಸಾಕು" ಎಂದು ಹೇಳಿ ಹಿಂದಿರುಗಲು ಮನೆಯೇ ಉಳಿಯುವುದಿಲ್ಲ. ಮಗುವಿನ ಭಯ ಆರು ತಿಂಗಳಲ್ಲಿ ಹೋಗಬಹುದು, ನಾಯಿ ಹತ್ತು ಹನ್ನೆರಡು ವರ್ಷ ಇರುತ್ತದೆ. ನಮ್ಮ ನಾಡಿನದೆಂಬ ಅಭಿಮಾನದಿಂದ ಮುಧೋಳದ ಮರಿ ಕೇಳುವವರಿದ್ದಾರೆ. ಅದು ಓಟಕ್ಕೂ ಬೇಟೆಗೂ ಹೆಸರಾದ ತಳಿ, ದಿನವೂ ಓಡಲು ಜಾಗ ಬೇಕು. ಭಯ ಇಳಿದು, ಮಗುವೇ ಬೇಕೆಂದು ಕೇಳಿ, ಮನೆಯವರೆಲ್ಲ ಒಪ್ಪಿದ ಮೇಲೆ ತಂದರೆ ಆ ಮಾತು ಬೇರೆ.

ತಜ್ಞರ ಬಳಿಗೆ

ಭಯ ಆರು ತಿಂಗಳು ದಾಟಿಯೂ ಇಳಿಯದೆ, ಶಾಲೆ, ಆಟ, ನಿದ್ದೆಗೆ ಅಡ್ಡಿಯಾದರೆ, ಕಚ್ಚಿಸಿಕೊಂಡ ಮೇಲೆ ಕೆಟ್ಟ ಕನಸುಗಳು ನಿಲ್ಲದಿದ್ದರೆ ತಡಮಾಡಬೇಡಿ. ನಾಯಿ ಕಂಡೊಡನೆ ಮಗು ಹಿಂದುಮುಂದು ನೋಡದೆ ರಸ್ತೆಗೆ ನುಗ್ಗುತ್ತಿದ್ದರಂತೂ ಆರು ತಿಂಗಳೂ ಕಾಯಬೇಡಿ, ನಮ್ಮ ರಸ್ತೆಗಳಲ್ಲಿ ಅದು ನಾಯಿಗಿಂತ ದೊಡ್ಡ ಅಪಾಯ. ತಜ್ಞರು ಮಾಡುವುದೂ ಬಹುಮಟ್ಟಿಗೆ ದೂರದಿಂದ ಹತ್ತಿರಕ್ಕೆ ಬರುವ ಕೆಲಸವೇ, ಆದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬ ಹದ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಗೋರಾನ್ ಓಸ್ಟ್ ರೂಪಿಸಿದ ಪದ್ಧತಿಯಲ್ಲಿ ಮೂರು ಗಂಟೆಗಳವರೆಗಿನ ಒಂದೇ ಬೈಠಕ್ಕಿನಲ್ಲಿ ಇಡೀ ಏಣಿಯನ್ನು ಹತ್ತಿಸುತ್ತಾರೆ. ಅಷ್ಟು ಹೊತ್ತು ಮನಸ್ಸು ನಿಲ್ಲಿಸಬಲ್ಲ, ಸ್ವಲ್ಪ ದೊಡ್ಡ ಮಕ್ಕಳಿಗೆ ಅದು ಹೊಂದುತ್ತದೆ, ನಾಲ್ಕು ವರ್ಷದವರಿಗೆ ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಕೇಳಿ, ಎಲ್ಲಿಗೆ ಹೋಗಬೇಕೆಂದು ತಿಳಿದುಕೊಳ್ಳಬಹುದು, ಶುಲ್ಕವಿಲ್ಲ.

ಯಾವ ದಾರಿ ಹಿಡಿದರೂ ಕಲಿಸಬೇಕಾದದ್ದು

ಭಯ ಕಳೆದ ಮಗು ಎಲ್ಲ ನಾಯಿಗಳ ಕಡೆಗೂ ಓಡಬಾರದು. ಉಣ್ಣುವ, ಮಲಗಿರುವ, ಮರಿಗಳಿರುವ ನಾಯಿಯ ಹತ್ತಿರ ಹೋಗುವಂತಿಲ್ಲ. ಯಾರದೇ ನಾಯಿಯಾದರೂ ಯಜಮಾನರನ್ನು ಕೇಳದೆ ಮುಟ್ಟುವಂತಿಲ್ಲ. ನಾಯಿ ಎದುರು ಬಂದರೆ ಓಡದೆ, ಕಿರುಚದೆ, ಕೈಗಳನ್ನು ಮೈಗೆ ಅಂಟಿಸಿ, ಪಾದ ನೋಡುತ್ತಾ ಮರದಂತೆ ನಿಲ್ಲುವುದು. ಇದನ್ನು ಮನೆಯ ಅಂಗಳದಲ್ಲಿ ಆಟವಾಗಿ ಆಡಿಸಿ. ಅಪ್ಪ ನಾಯಿಯಾಗಲಿ, ಮಗು ಹಲಸಿನ ಮರವಾಗಲಿ. ಹೆದರಿದಾಗ ಮಾಡಲು ಏನಾದರೂ ಗೊತ್ತಿರುವುದೇ ಅರ್ಧ ಧೈರ್ಯ.

ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ಸಾಕಿದ ನಾಯಿಯೆಂದು ಲಸಿಕೆಯನ್ನು ಮುಂದೂಡಬೇಡಿ, ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಕಚ್ಚಿದೆ ಎಂದು ಹೇಳಿದರೆ ಬೈಗುಳ ಬೀಳುತ್ತದೆ ಎಂದು ಮುಚ್ಚಿಡುವ ಮಕ್ಕಳಿದ್ದಾರೆ, ಆದ್ದರಿಂದ "ಏನಾದರೂ ಬಂದು ಹೇಳು, ಬೈಯುವುದಿಲ್ಲ" ಎಂದು ಮೊದಲೇ ಹೇಳಿಟ್ಟಿರಿ.

ಈಗ ನಾವು ದಿನವೂ ಒಂಬತ್ತನೆಯ ಕಂಬದವರೆಗೆ ಹೋಗುತ್ತೇವೆ. ಕಾಳಿ ಮಲಗಿರುವ ಕಟ್ಟೆಯಿಂದ ಅವಳು ಇನ್ನೂ ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತಾಳೆ, ಆ ಹೊತ್ತಿಗೆ ನನ್ನ ಕೈಯನ್ನು ಒಂದಿಷ್ಟು ಬಿಗಿಯಾಗಿ ಹಿಡಿಯುತ್ತಾಳೆ. ಹಾಲಿನ ಪೊಟ್ಟಣವನ್ನು ಮಾತ್ರ ತಾನೇ ಎದೆಗವಚಿಕೊಂಡು ಬರುತ್ತಾಳೆ. ಎತ್ತಿಕೊ ಎಂದು ಕೇಳಿ ಮೂರು ತಿಂಗಳಾಯಿತು.